ಸಣ್ಣ ಬಿಸಿನೆಸ್‌ಗೆ ಮೊಬೈಲ್ ಆ್ಯಪ್: ಡೆವಲಪರ್ ಹತ್ರ ಹೋಗೋ ಮುಂಚೆ ಮಾಡ್ಕೋಬೇಕಾದ ಪ್ಲಾನಿಂಗ್

ಆ್ಯಪ್ ಮಾಡಿಸ್ಬೇಕು ಅಂತ ಹೊರಟವರು ಕೇಳೋ ಮೊದಲನೇ ಪ್ರಶ್ನೆ ಎಷ್ಟಾಗುತ್ತೆ ಅಂತ. ಅದಕ್ಕೆ ಸರಿಯಾದ ಉತ್ತರ ಯಾರ ಹತ್ರನೂ ಇರಲ್ಲ, ಯಾಕಂದ್ರೆ ಏನು ಮಾಡ್ಬೇಕು ಅನ್ನೋದೇ ಇನ್ನೂ ಪೇಪರ್ ಮೇಲೆ ಬಂದಿರಲ್ಲ. ಆದ್ರೂ ಯಾರೋ ಒಂದು ರೇಟ್ ಹೇಳಿದ್ರು ಅಂದ್ರೆ ಅದು ಅವರ ಊಹೆ, ಆ ಊಹೆ ಎಡವಟ್ಟಾದಾಗ ದುಡ್ಡು ಹೋಗೋದು ನಿಮ್ದು. ಹಾಗಾಗಿ ಇಲ್ಲಿ ಬರೀತಿರೋದೆಲ್ಲ ಡೆವಲಪರ್‌ಗೆ ಫೋನ್ ಮಾಡೋಕೆ ಮುಂಚಿನ ಕೆಲಸ, ಇದಕ್ಕೆ ಕೋಡಿಂಗ್ ಬರಬೇಕಾಗಿಲ್ಲ, ನಿಮ್ಮ ಬಿಸಿನೆಸ್ ದಿನಾ ಹೇಗೆ ನಡೆಯುತ್ತೆ ಅಂತ ಗೊತ್ತಿದ್ರೆ ಸಾಕು. ಉದಾಹರಣೆಗೆ ಕೊನೆ ತನಕ ಒಂದೇ ಬಿಸಿನೆಸ್ ಇಟ್ಕೊಳ್ಳೋಣ: ಮೂರು ಕುರ್ಚಿ ಇರೋ ಒಂದು ಸಲೂನ್, ಅಪಾಯಿಂಟ್‌ಮೆಂಟ್ ತಗೋಳ್ಳೋಕೆ ಆ್ಯಪ್ ಬೇಕು ಅಂತಿದ್ದಾರೆ.

ಹಂತ 1: ಆ್ಯಪ್ ನಿಜಕ್ಕೂ ಬೇಕಾ?

2008ರ ಜುಲೈನಲ್ಲಿ ಆಪಲ್ ತನ್ನ ಆ್ಯಪ್ ಸ್ಟೋರ್ ತೆರೆದಾಗ ಅದ್ರಲ್ಲಿದ್ದಿದ್ದು ಸುಮಾರು 500 ಆ್ಯಪ್ ಅಷ್ಟೇ, ಆಗ ನಮ್ದೂ ಒಂದು ಆ್ಯಪ್ ಇದೆ ಅನ್ನೋದೇ ಒಂದು ಜಾಹೀರಾತು. ಈಗ ಸ್ಟೋರಲ್ಲಿ ಲಕ್ಷಗಟ್ಟಲೆ ಬಿದ್ದಿವೆ, ಜನ ಹೊಸದು ಹಾಕ್ಕೊಳ್ಳೋಕೆ ಹಿಂದೆಮುಂದೆ ನೋಡ್ತಾರೆ, ಫೋನಲ್ಲಿ ಜಾಗ ಇಲ್ಲ ಅಂದಾಗ ಮೊದಲು ಡಿಲೀಟ್ ಆಗೋದು ಅಪರೂಪಕ್ಕೆ ತೆಗೆಯೋ ಆ್ಯಪೇ.

ಆದ್ರಿಂದ ಕೇಳ್ಕೋಬೇಕಾದ್ದು ಒಂದೇ: ಅದೇ ಕಸ್ಟಮರ್ ಎಷ್ಟು ಸಲ ವಾಪಸ್ ಬರ್ತಾರೆ? ತಿಂಗಳಿಗೆ ಒಂದೆರಡು ಸಲ ಬರೋ ಸಲೂನ್‌ಗೆ, ಜಿಮ್‌ಗೆ, ಟ್ಯೂಷನ್ ಸೆಂಟರ್‌ಗೆ ಆ್ಯಪ್ ಅರ್ಥ ಆಗುತ್ತೆ. ಐದು ವರ್ಷಕ್ಕೊಂದ್ಸಲ ಕರೆಸೋ ಪೇಂಟಿಂಗ್ ಕಾಂಟ್ರಾಕ್ಟರ್‌ಗೆ ಆ್ಯಪ್ ಯಾಕೆ, ಮೊಬೈಲಲ್ಲಿ ಚೆನ್ನಾಗಿ ತೆರೆಯೋ ವೆಬ್‌ಸೈಟು, ವಾಟ್ಸಾಪ್ ಬಿಸಿನೆಸ್ ಖಾತೆ ಇದ್ರೆ ಮುಗೀತು. ನಡುವಿನ ದಾರಿನೂ ಒಂದಿದೆ. ವೆಬ್‌ಸೈಟನ್ನೇ ಫೋನ್ ಹೋಮ್ ಸ್ಕ್ರೀನಿಗೆ ಐಕಾನ್ ಥರ ಸೇರಿಸ್ಕೊಳ್ಳೋ ವೆಬ್ ಆ್ಯಪ್. ಮುಂಚೆ ಐಫೋನಲ್ಲಿ ಇದಕ್ಕೆ ನೋಟಿಫಿಕೇಶನ್ ಬರ್ತಿರ್ಲಿಲ್ಲ ಅನ್ನೋದು ದೊಡ್ಡ ಕೊರತೆ ಆಗಿತ್ತು, 2023ರಲ್ಲಿ ಬಂದ ಐಒಎಸ್ 16.4ರಿಂದ ಹೋಮ್ ಸ್ಕ್ರೀನಿಗೆ ಸೇರಿಸಿದ ವೆಬ್ ಆ್ಯಪ್‌ಗೂ ನೋಟಿಫಿಕೇಶನ್ ಬರುತ್ತೆ. ನನ್ನ ಕೇಳಿದ್ರೆ ಡೌಟ್ ಇರೋರು ಇಲ್ಲಿಂದ ಶುರು ಮಾಡೋದು ಒಳ್ಳೇದು, ಸ್ಟೋರ್ ತಲೆನೋವಿಲ್ಲ, ಜನ ನಿಜವಾಗ್ಲೂ ಬಳಸ್ತಾರಾ ಅಂತ ಕಡಿಮೆ ಖರ್ಚಲ್ಲಿ ಗೊತ್ತಾಗುತ್ತೆ.

ಪಕ್ಕದ ಅಂಗಡಿಯವರು ಮಾಡಿಸಿದ್ದಾರೆ ಅನ್ನೋದು ಕಾರಣ ಅಲ್ಲ, ಅದನ್ನ ಬಿಟ್ಟಾಕಿ.

ಹಂತ 2: ಆ್ಯಪ್ ಮಾಡೋ ಒಂದೇ ಒಂದು ಕೆಲಸ ಬರೆದಿಡಿ

ಒಂದು ವಾಕ್ಯ. "ನಮ್ಮ ಹತ್ರ ಮುಂಚೆ ಬಂದು ಹೋಗಿರೋ ಕಸ್ಟಮರ್, ಫೋನ್ ಮಾಡ್ದೆ, ಒಂದು ನಿಮಿಷದೊಳಗೆ ಮುಂದಿನ ಅಪಾಯಿಂಟ್‌ಮೆಂಟ್ ಹಾಕ್ಕೋಬೇಕು." ಯಾರು, ಏನು ಮಾಡ್ಬೇಕು, ಎಷ್ಟು ಹೊತ್ತಲ್ಲಿ, ಈ ಮೂರೂ ಅದ್ರಲ್ಲಿರಬೇಕು. "ನಮ್ಮ ಬ್ರ್ಯಾಂಡ್ ಬೆಳೆಸ್ಬೇಕು" ಅಂತ ಬರೆದ್ರೆ ಅದ್ರಿಂದ ಒಂದು ಬಟನ್ನೂ ಹುಟ್ಟಲ್ಲ.

ಬರೆದಾದ್ಮೇಲೆ ಒಂದೆರಡು ವಾರ ಒಂದು ನೋಟ್‌ಬುಕ್ ಇಟ್ಕೊಂಡು ಈಗಿನ ಪರಿಸ್ಥಿತಿ ಲೆಕ್ಕ ಹಾಕಿ. ದಿನಕ್ಕೆ ಅಪಾಯಿಂಟ್‌ಮೆಂಟ್ ಕೇಳ್ಕೊಂಡು ಎಷ್ಟು ಕಾಲ್ ಬರುತ್ತೆ, ಅದ್ರಲ್ಲಿ ಎತ್ತೋಕಾಗದೇ ಮಿಸ್ ಆಗೋದೆಷ್ಟು, ಬರ್ತೀನಿ ಅಂತ ಹೇಳಿ ಬಾರದೇ ಇರೋರೆಷ್ಟು, ಕುರ್ಚಿ ಖಾಲಿ ಬಿದ್ದಿರೋ ಹೊತ್ತೆಷ್ಟು. ಈ ಅಂಕಿ ಇಲ್ದಿದ್ರೆ ಆ್ಯಪ್ ಬಂದ್ಮೇಲೆ ಏನಾದ್ರೂ ಉಪಯೋಗ ಆಯ್ತಾ ಅಂತ ಹೇಳೋಕೆ ನಿಮ್ಮ ಹತ್ರ ಆಧಾರನೇ ಇರಲ್ಲ, ಡೌನ್‌ಲೋಡ್ ಎಷ್ಟಾಯ್ತು ಅಂತ ನೋಡ್ಕೊಂಡು ಖುಷಿ ಪಡ್ಬೇಕಷ್ಟೆ.

ಹಂತ 3: ಕೌಂಟರ್ ಹಿಂದಿನ ಕೆಲಸ ಪ್ಲಾನ್ ಮಾಡಿ

ಜಾಸ್ತಿ ಜನ ಬಿಟ್ಟುಬಿಡೋ ಹಂತ ಇದು, ಜಾಸ್ತಿ ಟೈಮ್ ಕೊಡ್ಬೇಕಾದ್ದೂ ಇದಕ್ಕೇ. ಎಲ್ರೂ ಕಸ್ಟಮರ್ ಫೋನಲ್ಲಿ ಏನು ಕಾಣುತ್ತೆ ಅಂತ ಯೋಚನೆ ಮಾಡ್ತಾರೆ, ಬುಕಿಂಗ್ ಬಂದಾಗ ಈ ಕಡೆ ಯಾರು ನೋಡ್ತಾರೆ, ನೋಡಿ ಏನು ಮಾಡ್ತಾರೆ ಅಂತ ಕೇಳಿದ್ರೆ ಸುಮ್ಮನಾಗ್ತಾರೆ.

ಶನಿವಾರ ಸಂಜೆ 5:30ರ ಸ್ಲಾಟ್ ತಗೊಳ್ಳಿ, ಮೂರರಲ್ಲಿ ಎರಡು ಕುರ್ಚಿ ಆಗ್ಲೇ ಬುಕ್ ಆಗಿ ಒಂದೇ ಉಳಿದಿದೆ ಅಂತಿಟ್ಕೊಳ್ಳಿ. ಮೂರು ಗಂಟೆಗೆ ಒಬ್ರು ಫೋನ್ ಮಾಡಿದ್ರು, ಸ್ಟಾಫ್ ಡೈರಿಯಲ್ಲಿ ಬರ್ಕೊಂಡ್ರು. ಡೈರಿಯಲ್ಲಿರೋದು ಆ್ಯಪ್‌ಗೆ ಗೊತ್ತಿಲ್ಲ, ಆದ್ರಿಂದ ನಾಲ್ಕು ಗಂಟೆಗೆ ಇನ್ನೊಬ್ರು ಆ್ಯಪಲ್ಲಿ ಅದೇ 5:30 ಬುಕ್ ಮಾಡಿದ್ರು. 5:25ಕ್ಕೆ ಬುಕಿಂಗ್ ಇಲ್ದೇ ನೇರ ಒಬ್ರು ಒಳಗೆ ಬಂದ್ರು, ಕುರ್ಚಿ ಖಾಲಿ ಇತ್ತು, ಕೂತ್ಕೊಂಡ್ರು. ಈಗ ಒಂದು ಕುರ್ಚಿಗೆ ಮೂರು ಜನ. ಇದ್ರಲ್ಲಿ ಆ್ಯಪಿನ ಕೋಡ್ ತಪ್ಪೇನೂ ಇಲ್ಲ, ಎರಡು ಕ್ಯಾಲೆಂಡರ್ ಇಟ್ಕೊಂಡಿದ್ದೇ ತಪ್ಪು. ಆ್ಯಪ್ ಬಂತು ಅಂದ್ರೆ ಫೋನ್ ಬುಕಿಂಗೂ, ನೇರ ಬಂದವರೂ ಎಲ್ಲಾ ಅದೇ ಕ್ಯಾಲೆಂಡರ್‌ಗೆ ಹೋಗ್ಬೇಕು, ಡೈರಿ ಮುಚ್ಚಬೇಕು. ಹಾಗಾದ್ರೆ ಅದನ್ನ ಎಂಟ್ರಿ ಮಾಡೋರ್ಯಾರು? ಕೈಯಲ್ಲಿ ಕತ್ತರಿ ಇರೋರು ಆರು ಬಾಕ್ಸ್ ಇರೋ ಫಾರ್ಮ್ ತುಂಬ್ಕೊಂಡು ಕೂರಲ್ಲ, ಆದ್ರಿಂದ ಸ್ಟಾಫ್ ಸ್ಕ್ರೀನಲ್ಲಿ "ಈಗ ಕೂತ್ರು" ಅನ್ನೋ ಒಂದು ದೊಡ್ಡ ಬಟನ್, ಒತ್ತಿದ್ರೆ ಮುಂದಿನ ಅರ್ಧ ಗಂಟೆ ಬ್ಲಾಕ್ ಆಗ್ಬೇಕು, ಹೆಸರು ನಂಬರ್ ಎಲ್ಲ ಆಮೇಲೆ. ಡೆವಲಪರ್‌ಗೆ ಇದು ತಾನಾಗೇ ಹೊಳೆಯಲ್ಲ, ನೀವೇ ಹೇಳ್ಬೇಕು.

ಇದೇ ಥರ ಒಂದೊಂದೇ ಬರೀತಾ ಹೋಗಿ. ಕಟಿಂಗ್‌ಗೆ ಅರ್ಧ ಗಂಟೆ, ಕಲರಿಂಗ್‌ಗೆ ಎರಡು ಗಂಟೆ ಅಂತಿಟ್ಕೊಳ್ಳಿ, ಆದ್ರೆ ಕಲರ್ ಹಚ್ಚಿ ಕಾಯೋ ಹೊತ್ತಲ್ಲಿ ಕೆಲಸ ಮಾಡೋರ ಕೈ ಖಾಲಿ ಇರುತ್ತೆ, ಕುರ್ಚಿ ಮಾತ್ರ ಖಾಲಿ ಇರಲ್ಲ. ಅಂದ್ರೆ ಸ್ಲಾಟ್ ಲೆಕ್ಕ ಹಾಕೋದು ಕುರ್ಚಿಗಾ, ಮನುಷ್ಯನಿಗಾ, ಎರಡಕ್ಕೂನಾ? ಸ್ಟಾಫ್ ರಜೆ ಹಾಕಿದ್ರೆ ಅವರ ಹೆಸರಲ್ಲಿರೋ ಬುಕಿಂಗ್ ಬೇರೆಯವರಿಗೆ ಹೋಗುತ್ತಾ, ಕಸ್ಟಮರ್‌ಗೆ ಮೆಸೇಜ್ ಹೋಗುತ್ತಾ? ಹತ್ತು ನಿಮಿಷ ಲೇಟಾಗಿ ಬಂದವರಿಗೆ ಏನ್ ಹೇಳೋದು? ಇಬ್ರು ಒಂದೇ ಕ್ಷಣದಲ್ಲಿ ಒಂದೇ ಸ್ಲಾಟ್ ಒತ್ತಿದ್ರೆ ಒಬ್ರಿಗೆ ಸಿಗುತ್ತೆ, ಇನ್ನೊಬ್ರಿಗೆ ಬರೀ "ಎರರ್" ಅಂತ ತೋರಿಸೋದಾ ಅಥವಾ "ಇದೀಗ ಹೋಯ್ತು, 6:00 ಖಾಲಿ ಇದೆ" ಅಂತ ತೋರಿಸೋದಾ? ಕರೆಂಟೋ ನೆಟ್ಟೋ ಹೋದ್ರೆ ಅವತ್ತಿನ ಲಿಸ್ಟ್ ಎಲ್ಲಿ ನೋಡೋದು? ಕೊನೇದಕ್ಕೆ ಸುಲಭದ ಪರಿಹಾರ ಬೆಳಗ್ಗೆ ಒಂದು ಪ್ರಿಂಟ್ ತೆಗೆದಿಟ್ಕೊಳ್ಳೋದು, ಎಲ್ಲದಕ್ಕೂ ಸಾಫ್ಟ್‌ವೇರೇ ಬೇಕು ಅಂತೇನಿಲ್ಲ.

ನಿಮ್ಮದು ಸಲೂನ್ ಅಲ್ಲದಿದ್ರೆ ಪ್ರಶ್ನೆ ಬದಲಾಗುತ್ತೆ. ಸಾಮಾನು ಮಾರೋರಿಗೆ ಇದೇ ಜಾಗದಲ್ಲಿ ಸ್ಟಾಕ್ ಬರುತ್ತೆ: ಕೊನೇ ಪೀಸ್ ಅಂಗಡಿಯಲ್ಲೂ ಆ್ಯಪಲ್ಲೂ ಒಟ್ಟಿಗೆ ಮಾರಾಟ ಆದ್ರೆ? ಉತ್ತರಗಳನ್ನೆಲ್ಲ "ಹೀಗಾದ್ರೆ ಹೀಗೆ" ಅಂತ ಮೂರ್ನಾಲ್ಕು ಪುಟ ಬರೆದ್ರಿ ಅಂದ್ರೆ ಅದೇ ನಿಮ್ಮ ಪ್ಲಾನಿನ ಅತಿ ಬೆಲೆಬಾಳೋ ಭಾಗ. ಬರೆಯುವಾಗ ಸ್ಟಾಫನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಮಾಲೀಕರಿಗೆ ಗೊತ್ತಿಲ್ಲದ ಎಷ್ಟೋ ಅಡ್ಜಸ್ಟ್‌ಮೆಂಟ್ ಅವರಿಗೆ ಗೊತ್ತಿರುತ್ತೆ.

ಹಂತ 4: ಫೀಚರ್ ಲಿಸ್ಟ್, ಆಮೇಲೆ ಕತ್ತರಿ

ಮನಸ್ಸಿಗೆ ಬಂದಿದ್ದೆಲ್ಲ ಬರೀರಿ, ಹಂತ 2ರ ವಾಕ್ಯ ಎದುರಿಗಿಟ್ಕೊಂಡು ಒಂದೊಂದಕ್ಕೂ ಕೇಳಿ: ಇದಿಲ್ದಿದ್ರೆ ಆ ಕೆಲಸ ಆಗಲ್ವಾ? ಆಗುತ್ತೆ ಅಂದ್ರೆ ಎರಡನೇ ವರ್ಷನ್‌ಗೆ ತಳ್ಳಿ. ಸಲೂನ್ ಆ್ಯಪ್‌ಗೆ ಸರ್ವೀಸ್ ಆರಿಸೋದು, ಟೈಮ್ ಆರಿಸೋದು, ಕನ್ಫರ್ಮ್, ಕ್ಯಾನ್ಸಲ್, ರಿಮೈಂಡರ್, ಈ ಕಡೆ ಸ್ಟಾಫ್ ಸ್ಕ್ರೀನ್, ಇಷ್ಟೇ ಸಾಕು. ಚಾಟ್ ಬೇಡವೇ ಬೇಡ, ಚಾಟ್ ಇಟ್ರೆ ಉತ್ತರ ಕೊಡೋಕೆ ಒಬ್ರು ಬೇಕು, ರಾತ್ರಿ ಹನ್ನೊಂದಕ್ಕೆ ಬಂದ ಮೆಸೇಜ್‌ಗೆ ಉತ್ತರ ಹೋಗಿಲ್ಲ ಅಂತ ಒಂದು ಸ್ಟಾರ್ ಬೀಳುತ್ತೆ.

ಲಾಗಿನ್ ಬಗ್ಗೆ ಸ್ವಲ್ಪ ನಿಧಾನಿಸಿ. ಆ್ಯಪ್ ತೆಗೆದ ತಕ್ಷಣ ನಂಬರ್ ಕೇಳಿದ್ರೆ ಎಷ್ಟೋ ಜನ ಅಲ್ಲೇ ವಾಪಸ್. ರೇಟು, ಖಾಲಿ ಟೈಮು ಲಾಗಿನ್ ಇಲ್ದೇ ಕಾಣಿಸ್ಲಿ, ಕನ್ಫರ್ಮ್ ಒತ್ತುವಾಗ ಮಾತ್ರ ನಂಬರ್ ಕೇಳಿ. ಒಟಿಪಿ ಎಸ್‌ಎಂಎಸ್‌ಗೆ ಪ್ರತಿ ಮೆಸೇಜ್‌ಗೂ ದುಡ್ಡು ಹೋಗುತ್ತೆ ಅನ್ನೋದು ಲೆಕ್ಕದಲ್ಲಿರಲಿ. ನೋಟಿಫಿಕೇಶನ್ನೂ ಹಾಗೇ, ಐಫೋನಲ್ಲಿ ಮುಂಚಿಂದಲೂ, ಆಂಡ್ರಾಯ್ಡಲ್ಲಿ 13ನೇ ವರ್ಷನ್‌ನಿಂದ, ಬಳಸೋರು ಅನುಮತಿ ಕೊಟ್ರೆ ಮಾತ್ರ ಬರುತ್ತೆ. ಮೊದಲ ಸ್ಕ್ರೀನಲ್ಲೇ ಕೇಳಿದ್ರೆ ಬೇಡ ಅಂತ ಒತ್ತೋದು ಸಹಜ, ಬುಕಿಂಗ್ ಮುಗಿದ್ಮೇಲೆ "ಒಂದು ಗಂಟೆ ಮುಂಚೆ ನೆನಪಿಸ್ಲಾ?" ಅಂತ ಕೇಳಿದ್ರೆ ಹೂಂ ಅಂತಾರೆ.

ಪೇಮೆಂಟ್ ಮೊದಲ ವರ್ಷನಲ್ಲಿ ಬೇಕಾ ಅಂತ ಯೋಚಿಸಿ. ಬೇಕು ಅಂದ್ರೆ ಪೇಮೆಂಟ್ ಗೇಟ್‌ವೇ (ಕಸ್ಟಮರ್ ಹತ್ರ ಆನ್‌ಲೈನಲ್ಲಿ ದುಡ್ಡು ತಗೊಂಡು ನಿಮಗೆ ತಲುಪಿಸೋ ಸರ್ವೀಸ್) ಮೂಲಕವೇ ಹೋಗಿ, ಕಾರ್ಡ್ ನಂಬರ್ ನಿಮ್ಮ ಸರ್ವರಲ್ಲಿ ಇಟ್ಕೊಳ್ಳೋ ಸಾಹಸ ಬೇಡ. ರೀಫಂಡ್ ಯಾರು ಮಾಡ್ತಾರೆ, ಕ್ಯಾನ್ಸಲ್ ಮಾಡಿದ್ರೆ ಎಷ್ಟು ವಾಪಸ್ ಅನ್ನೋದನ್ನೂ ಹಂತ 3ರ ಪುಟಗಳಿಗೆ ಸೇರಿಸಿ.

ಹಂತ 5: ಪೇಪರ್ ಮೇಲೆ ಸ್ಕ್ರೀನ್ ಬಿಡಿಸಿ, ಜನರ ಕೈಗೆ ಕೊಡಿ

ಪೆನ್ಸಿಲ್, ಎ4 ಹಾಳೆ, ಒಂದು ಸ್ಕ್ರೀನಿಗೆ ಒಂದು ಹಾಳೆ. ಚಿತ್ರ ಚೆನ್ನಾಗಿ ಬರಬೇಕಾಗಿಲ್ಲ. ಒಂದಿಷ್ಟು ಖಾಯಂ ಕಸ್ಟಮರ್‌ಗಳನ್ನ ಕೂರಿಸ್ಕೊಂಡು ಹಾಳೆ ಮುಂದಿಟ್ಟು "ನಾಳೆ ಸಂಜೆಗೆ ಬುಕ್ ಮಾಡಿ ನೋಡೋಣ" ಅನ್ನಿ, ಅವರು ಬೆರಳಲ್ಲಿ ಎಲ್ಲಿ ಒತ್ತುತ್ತಾರೋ ಅದಕ್ಕೆ ತಕ್ಕ ಹಾಳೆ ನೀವು ಮುಂದೆ ತಳ್ಳಿ. ಬಾಯಿ ಮುಚ್ಕೊಂಡಿರೋದೇ ಇಲ್ಲಿ ಕಷ್ಟ, "ಇಲ್ಲಿ ಒತ್ತಿ" ಅಂತ ಹೇಳಿದ್ರಿ ಅಂದ್ರೆ ಟೆಸ್ಟ್ ಕೆಟ್ಟೋಯ್ತು. ಎಷ್ಟು ಜನ ಬೇಕು ಅಂದ್ರೆ ಯೂಸಬಿಲಿಟಿ (ಬಳಸೋಕೆ ಎಷ್ಟು ಸುಲಭ ಅನ್ನೋದು) ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಹೇಳಿದ್ದು ಐದು ಜನ ಸಾಕು ಅಂತ, ದೊಡ್ಡ ತೊಡಕುಗಳಲ್ಲಿ ಹೆಚ್ಚಿನವು ಅಷ್ಟರಲ್ಲೇ ಸಿಕ್ಕಿಬೀಳ್ತವೆ, ಸರಿ ಮಾಡಿ ಇನ್ನೊಂದು ಐದು ಜನರಿಗೆ ತೋರಿಸೋದು ಲಾಭ.

ಎಲ್ಲ ಸರಿ ಇರೋವಾಗಿನ ಸ್ಕ್ರೀನ್ ಮಾತ್ರ ಬಿಡಿಸ್ಬೇಡಿ. ನೆಟ್ ಇಲ್ದಾಗ ಏನು ಕಾಣುತ್ತೆ, ಒಂದೂ ಬುಕಿಂಗ್ ಇಲ್ದಿರೋ ಹೊಸಬರಿಗೆ ಏನು ಕಾಣುತ್ತೆ, ಕನ್ಫರ್ಮ್ ಒತ್ತಿ ಚಕ್ರ ಸುತ್ತುತ್ತಾ ಇರೋವಾಗ ಏನು ಕಾಣುತ್ತೆ. ಈ ಮೂರನೇದ್ರಲ್ಲಿ ಬಟನ್ ಆಫ್ ಆಗ್ಬೇಕು, ಇಲ್ಲಾಂದ್ರೆ ಜನ ತಾಳ್ಮೆಗೆಟ್ಟು ಎರಡ್ಮೂರು ಸಲ ಒತ್ತಿ ಎರಡ್ಮೂರು ಬುಕಿಂಗ್ ಆಗ್ಬಿಡುತ್ತೆ. ಬಟನ್ ಸೈಜಿಗೂ ಅಳತೆ ಇದೆ, ಆಂಡ್ರಾಯ್ಡಲ್ಲಿ ಕನಿಷ್ಠ 48 ಡಿಪಿ, ಐಫೋನಲ್ಲಿ 44 ಪಾಯಿಂಟ್ (ಎರಡೂ ಡಿಸೈನರ್‌ಗಳು ಸ್ಕ್ರೀನ್ ಅಳೆಯೋ ಯೂನಿಟ್). ಡಿಸೈನರ್ ಅದಕ್ಕಿಂತ ಚಿಕ್ಕದು ಮಾಡಿದ್ರೆ ದೊಡ್ಡದು ಮಾಡಿ ಅನ್ನಿ, ನೋಡೋಕೆ ಚೆಂದ ಅನ್ನೋ ವಾದಕ್ಕೆ ಬಗ್ಗಬೇಡಿ.

ಹಂತ 6: ಯಾವುದ್ರಲ್ಲಿ ಮಾಡೋದು

ಇದ್ರ ಬಗ್ಗೆ ಇಂಟರ್ನೆಟ್ಟಲ್ಲಿ ಜಗಳಗಳು ಬೇಜಾನ್ ಇವೆ, ನಿಮಗೆ ಅಷ್ಟು ಬೇಕಾಗಿಲ್ಲ. ಆಂಡ್ರಾಯ್ಡ್‌ಗೆ ಕೋಟ್ಲಿನ್ನಲ್ಲಿ, ಐಫೋನ್‌ಗೆ ಸ್ವಿಫ್ಟಲ್ಲಿ (ಎರಡೂ ಕೋಡ್ ಬರೆಯೋ ಭಾಷೆಗಳು) ಬೇರೆ ಬೇರೆ ಬರೆಸಿದ್ರೆ ಎರಡು ಆ್ಯಪ್ ಸಾಕ್ದಂಗೆ. ಗೂಗಲ್‌ನ ಫ್ಲಟರ್, ಫೇಸ್‌ಬುಕ್‌ನಿಂದ ಬಂದ ರಿಯಾಕ್ಟ್ ನೇಟಿವ್, ಇವು ಒಂದೇ ಕೋಡಲ್ಲಿ ಎರಡಕ್ಕೂ ಆಗುತ್ತೆ, ಬುಕಿಂಗ್, ಆರ್ಡರ್ ಥರದ ಆ್ಯಪ್‌ಗೆ ಧಾರಾಳ ಸಾಕು. ನಿಮ್ಮ ಹತ್ರ ಬರೋ ಡೆವಲಪರ್ ಯಾವುದ್ರಲ್ಲಿ ಪಳಗಿದ್ದಾರೋ ಅದೇ ಸರಿ. ಕೋಡ್ ಇಲ್ದೇ ಆ್ಯಪ್ ಕಟ್ಟೋ ಸರ್ವೀಸ್‌ಗಳೂ ಇವೆ, ಬೇಗ ಆಗುತ್ತೆ, ಆದ್ರೆ ತಿಂಗಳ ಬಾಡಿಗೆ ನಿಲ್ಲಿಸಿದ ದಿನ ಡೇಟಾ ಹೊರಗೆ ತೆಗೆಯೋಕಾಗುತ್ತಾ ಅಂತ ಮೊದಲೇ ಕೇಳಿ.

ಎರಡೂ ಸ್ಟೋರಿಗೆ ಒಟ್ಟಿಗೆ ಹಾಕ್ಲೇಬೇಕಾ? ಬರೋ ಕಸ್ಟಮರ್ ಕೈಯಲ್ಲಿ ಯಾವ ಫೋನಿದೆ ಅಂತ ಒಂದು ವಾರ ಗೆರೆ ಎಳೆದು ಎಣಿಸಿ, ಉತ್ತರ ಅಲ್ಲೇ ಸಿಗುತ್ತೆ.

ಹಂತ 7: ಸ್ಟೋರ್ ರೂಲ್ಸ್ ಮೊದಲೇ ಓದಿ

ಆ್ಯಪ್ ರೆಡಿ ಆದ್ಮೇಲೆ ರೂಲ್ಸ್ ನೋಡಿದ್ರೆ ಮತ್ತೆ ಕೆಲಸ ಬೀಳುತ್ತೆ, ಯಾಕಂದ್ರೆ ಕೆಲವು ರೂಲ್ಸ್ ಪ್ಲಾನನ್ನೇ ಬದಲಾಯಿಸುತ್ತೆ. ಗೂಗಲ್ ಪ್ಲೇ ಡೆವಲಪರ್ ಖಾತೆಗೆ ಒಂದ್ಸಲ 25 ಡಾಲರ್, ಆಪಲ್‌ದಕ್ಕೆ ವರ್ಷಕ್ಕೆ 99 ಡಾಲರ್. ಗೂಗಲ್ ಪ್ಲೇಯಲ್ಲಿ 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆ ಆದ್ರೆ, ಎಲ್ಲರಿಗೂ ಬಿಡುಗಡೆ ಮಾಡೋ ಮುಂಚೆ ಕನಿಷ್ಠ 12 ಟೆಸ್ಟರ್‌ಗಳು ಸತತ 14 ದಿನ ಟೆಸ್ಟಲ್ಲಿ ಇರಬೇಕು, ಸಂಸ್ಥೆ ಹೆಸರಿನ ಖಾತೆಗೆ ಈ ಷರತ್ತಿಲ್ಲ, ಬದಲಿಗೆ ಒಂಬತ್ತು ಅಂಕಿಯ ಡನ್ಸ್ ನಂಬರ್ ಬೇಕು, ಅಂದ್ರೆ ಡನ್ ಆ್ಯಂಡ್ ಬ್ರಾಡ್‌ಸ್ಟ್ರೀಟ್ ಅನ್ನೋ ಕಂಪನಿ ಬಿಸಿನೆಸ್‌ಗಳಿಗೆ ಕೊಡೋ ಗುರುತಿನ ನಂಬರ್. ಆಪಲ್‌ನಲ್ಲೂ ಸಂಸ್ಥೆ ಖಾತೆಗೆ ಡನ್ಸ್ ಬೇಕು. ಅದು ಕೈಗೆ ಬರೋಕೆ ದಿನ ಹಿಡಿಯುತ್ತೆ, ಹಾಗಾಗಿ ಡೆವಲಪರ್ ಹುಡುಕೋ ಹೊತ್ತಿಗೇ ಅರ್ಜಿ ಹಾಕಿಬಿಡಿ.

ವೆಬ್‌ಸೈಟನ್ನೇ ಡಬ್ಬಿಯಲ್ಲಿ ತುಂಬಿ ಆ್ಯಪ್ ಅಂತ ಕಳಿಸಿದ್ರೆ ಆಪಲ್ ರಿಜೆಕ್ಟ್ ಮಾಡುತ್ತೆ. ಆ್ಯಪಲ್ಲಿ ಖಾತೆ ತೆರೆಯೋ ಹಾಗಿದ್ರೆ ಆ್ಯಪೊಳಗಿಂದಲೇ ಖಾತೆ ಅಳಿಸೋ ದಾರಿನೂ ಇರಬೇಕು, ಆಪಲ್ ಇದನ್ನ 2022ರ ಜೂನ್ 30ರಿಂದ ಕಡ್ಡಾಯ ಮಾಡಿದೆ, ಗೂಗಲ್ ಇದ್ರ ಜೊತೆಗೆ ವೆಬ್ಬಲ್ಲೂ ಒಂದು ಲಿಂಕ್ ಕೇಳುತ್ತೆ. ಯಾವ್ಯಾವ ಮಾಹಿತಿ ತಗೋತೀರಿ, ಯಾಕೆ ಅಂತ ಎರಡೂ ಕಡೆ ಫಾರ್ಮ್ ತುಂಬಿ ಪ್ರೈವಸಿ ಪಾಲಿಸಿ ಲಿಂಕ್ ಕೊಡ್ಬೇಕು. ಹಾಗಾಗಿ ಹುಟ್ಟಿದ ದಿನ, ವಿಳಾಸ ಅಂತೆಲ್ಲ "ಇರ್ಲಿ ಬಿಡಿ" ಅಂತ ಕೇಳಬೇಡಿ, ತಗೊಂಡಿದ್ದಕ್ಕೆಲ್ಲ ಲೆಕ್ಕ ಕೊಡ್ಬೇಕಾಗುತ್ತೆ.

ಮಾರಾಟದ ಮೇಲೆ ಸ್ಟೋರ್ ತಗೊಳ್ಳೋ ಕಮಿಷನ್ ವಿಷಯದಲ್ಲಿ ಸುಮ್ನೆ ಹೆದರೋರು ತುಂಬಾ. ಕಟಿಂಗ್, ಸಾಮಾನು, ರಿಪೇರಿ ಥರ ಆ್ಯಪಿನ ಹೊರಗೆ ಸಿಗೋ ಸರ್ವೀಸಿಗೆ ಸ್ಟೋರಿನ ಪೇಮೆಂಟ್ ವ್ಯವಸ್ಥೆ ಬಳಸೋ ಹಾಗಿಲ್ಲ, ಅದಕ್ಕೆ ಕಮಿಷನ್ನೂ ಇಲ್ಲ. ಆನ್‌ಲೈನ್ ಕೋರ್ಸಿನ ವಿಡಿಯೋ ಥರದ ಡಿಜಿಟಲ್ ಸರಕು ಮಾರೋರಿಗೆ ಮಾತ್ರ ಆ ಲೆಕ್ಕ ಬರುತ್ತೆ.

ಹಂತ 8: ಡೆವಲಪರ್, ಕೊಟೇಶನ್, ಯಾರ ಹೆಸರಲ್ಲಿ ಏನು

ಈಗ ಫೋನ್ ಮಾಡಿ. ವಾಕ್ಯ, ನಿಯಮಗಳ ಪುಟ, ಸ್ಕ್ರೀನ್ ಹಾಳೆ, ಈ ವರ್ಷನಲ್ಲಿ ಬೇಡ ಅಂತ ತಳ್ಳಿದ ಲಿಸ್ಟು, ಇಷ್ಟೂ ಮೂರು ಜನರಿಗೆ ಒಂದೇ ಥರ ಕೊಟ್ಟು ಕೊಟೇಶನ್ ಕೇಳಿ. ಒಂದೂ ಪ್ರಶ್ನೆ ಕೇಳ್ದೇ ಸಂಜೆಗೆ ರೇಟ್ ಕಳಿಸೋರಿಗಿಂತ, ಕಲರಿಂಗ್ ಸ್ಲಾಟ್ ಬಗ್ಗೆ ತಲೆ ತಿನ್ನೋರು ಮೇಲು. ಅವರು ಮುಂಚೆ ಮಾಡಿದ ಆ್ಯಪ್ ಸ್ಟೋರಿಂದ ನಿಮ್ಮ ಫೋನಿಗೇ ಹಾಕ್ಕೊಂಡು ನೋಡಿ, ಕೊನೇ ಅಪ್‌ಡೇಟ್ ಯಾವಾಗ ಅಂತಾನೂ ನೋಡಿ.

ಹೆಸರಿನ ವಿಷಯದಲ್ಲಿ ಮಾತ್ರ ಮುಲಾಜು ಬೇಡ. ಎರಡೂ ಸ್ಟೋರ್ ಖಾತೆ, ಡೊಮೇನ್, ಸರ್ವರ್ ಖಾತೆ, ಎಸ್‌ಎಂಎಸ್ ಖಾತೆ, ಪೇಮೆಂಟ್ ಗೇಟ್‌ವೇ, ಎಲ್ಲವೂ ನಿಮ್ಮ ಬಿಸಿನೆಸ್ ಇಮೇಲಲ್ಲಿ ತೆರೆದು ಡೆವಲಪರ್‌ಗೆ ಒಳಗೆ ಬರೋ ಅನುಮತಿ ಅಷ್ಟೇ ಕೊಡಿ. "ನಮ್ಮ ಖಾತೆಯಲ್ಲೇ ಹಾಕ್ತೀವಿ, ನಿಮಗೆ ಖರ್ಚು ಉಳಿಯುತ್ತೆ" ಅಂತಾರೆ, ಕೇಳೋಕೆ ಚೆನ್ನಾಗಿರುತ್ತೆ, ನಾಳೆ ಮನಸ್ತಾಪ ಬಂದ್ರೆ ಆ್ಯಪ್ ಅವರ ಹತ್ರ. ಖಾತೆಯಿಂದ ಖಾತೆಗೆ ವರ್ಗಾಯಿಸೋಕೆ ದಾರಿ ಇದೆ, ಆದ್ರೆ ಅವರು ಒಪ್ಪಬೇಕು. ಒಪ್ಪದಿದ್ರೆ ಹೊಸ ಪ್ಯಾಕೇಜ್ ಹೆಸರಲ್ಲಿ (ಸ್ಟೋರ್ ಆ್ಯಪನ್ನ ಗುರುತಿಸೋ ಐಡಿ) ಹೊಸ ಆ್ಯಪ್ ಹಾಕ್ಬೇಕು, ಹಳೇ ರಿವ್ಯೂ, ಹಳೇ ಡೌನ್‌ಲೋಡ್ ಎಲ್ಲ ಹೋಯ್ತು, ಕಸ್ಟಮರ್‌ಗೆಲ್ಲ ಮತ್ತೆ ಇನ್‌ಸ್ಟಾಲ್ ಮಾಡಿ ಅಂತ ಬೇಡ್ಕೋಬೇಕು. ಕೋಡೂ ನಿಮ್ಮ ರೆಪಾಸಿಟರಿಯಲ್ಲೇ (ಆನ್‌ಲೈನಲ್ಲಿ ಕೋಡ್ ಇಡೋ ಜಾಗ) ಇರಲಿ, ವಾರವಾರ ಬರ್ತಿರಲಿ. ದುಡ್ಡು ಕಂತಲ್ಲಿ ಕೊಡಿ, ಪ್ರತಿ ಕಂತಿಗೂ ನಿಮ್ಮ ಫೋನಲ್ಲಿ ಒತ್ತಿ ನೋಡೋ ಏನಾದ್ರೂ ಒಂದು ಇರಬೇಕು, "80 ಪರ್ಸೆಂಟ್ ಆಗಿದೆ" ಅನ್ನೋ ಮಾತಿಗೆ ಕಂತಿಲ್ಲ.

ಹಂತ 9: ಟೆಸ್ಟ್, ನಿಧಾನಕ್ಕೆ ಬಿಡುಗಡೆ

ಮೊದಲು ಸ್ಟಾಫ್ ಮಾತ್ರ ಒಂದು ವಾರ ಬಳಸಲಿ, ಫೋನ್ ಬುಕಿಂಗನ್ನೆಲ್ಲ ಅದ್ರಲ್ಲೇ ಹಾಕ್ಲಿ. ಆಮೇಲೆ ಖಾಯಂ ಕಸ್ಟಮರ್‌ಗಳಲ್ಲಿ ಒಂದಷ್ಟು ಜನಕ್ಕೆ. ಬಿಡುಗಡೆಗೆ ಮುಂಚೆ ಹೀಗೆ ಕೆಲವರಿಗೆ ಮಾತ್ರ ಕೊಡೋಕೆ ಐಫೋನ್‌ಗೆ ಆಪಲ್‌ನ ಟೆಸ್ಟ್‌ಫ್ಲೈಟ್, ಆಂಡ್ರಾಯ್ಡ್‌ಗೆ ಗೂಗಲ್ ಪ್ಲೇ ಡೆವಲಪರ್ ಖಾತೆಯ ಪ್ಲೇ ಕನ್ಸೋಲಲ್ಲೇ ಟೆಸ್ಟಿಂಗ್ ಟ್ರ್ಯಾಕ್ ಇದೆ. ಹಳೇ, ಮೆಮೊರಿ ತುಂಬಿರೋ, ಗಾಜು ಒಡೆದಿರೋ ಫೋನಲ್ಲಿ ಕಡ್ಡಾಯವಾಗಿ ನೋಡಿ, ಅಕ್ಷರ ದೊಡ್ಡದು ಮಾಡ್ಕೊಂಡಿರೋ ಹಿರಿಯರ ಫೋನಲ್ಲೂ ನೋಡಿ, ಬಟನ್ ಸ್ಕ್ರೀನಿಂದ ಹೊರಗೋಗಿರೋದು ಅಲ್ಲೇ ಗೊತ್ತಾಗೋದು.

ಮುಂದಿನ ಅಪ್‌ಡೇಟ್‌ಗಳನ್ನ ಒಂದೇ ಸಲ ಎಲ್ಲರಿಗೂ ಬಿಡಬೇಡಿ. ಪ್ಲೇಯಲ್ಲಿ ಎಷ್ಟು ಪರ್ಸೆಂಟ್ ಜನಕ್ಕೆ ಅಂತ ನೀವೇ ಆರಿಸ್ಬಹುದು, ಆಪಲ್‌ನಲ್ಲಿ ಏಳು ದಿನದ ಹಂತ ಇದೆ, ಮೊದಲ ದಿನ 1 ಪರ್ಸೆಂಟ್, ಆಮೇಲೆ 2, 5, 10, 20, 50, ಕೊನೇ ದಿನ 100. ನಡುವೆ ತೊಂದ್ರೆ ಕಂಡ್ರೆ ನಿಲ್ಲಿಸ್ಬಹುದು. ಸಲೂನ್ ಥರದವರು ಶುಕ್ರವಾರ ಸಂಜೆ ಅಪ್‌ಡೇಟ್ ಹಾಕೋ ಸಾಹಸಕ್ಕಂತೂ ಹೋಗ್ಬೇಡಿ.

ಹಂತ 10: ನಡೆಸೋ ಖರ್ಚು, ಮುಚ್ಚೋ ಪ್ಲಾನ್

ಆ್ಯಪ್ ಮಾಡಿಸಿದ್ಮೇಲೂ ಸರ್ವರ್, ಎಸ್‌ಎಂಎಸ್, ಆಪಲ್‌ನ ವರ್ಷದ ಫೀಸು, ಡೆವಲಪರ್‌ನ ಮೇಂಟೆನೆನ್ಸ್ ಇದ್ದೇ ಇರುತ್ತೆ. ಏನೂ ಬದಲಾಯಿಸ್ದೇ ಇಟ್ರೂ ಆಗಲ್ಲ, ಗೂಗಲ್ ಪ್ಲೇ ಪ್ರತಿವರ್ಷ ಟಾರ್ಗೆಟ್ ಆಂಡ್ರಾಯ್ಡ್ ವರ್ಷನ್ (ಆ್ಯಪ್ ಯಾವ ಆಂಡ್ರಾಯ್ಡ್‌ಗೆ ಹೊಂದ್ಕೊಂಡಿರಬೇಕು ಅನ್ನೋ ಮಟ್ಟ) ಮೇಲೇರಿಸುತ್ತೆ, ಹಿಂದುಳಿದ ಆ್ಯಪ್ ಹೊಸ ಫೋನಿನವರಿಗೆ ಸ್ಟೋರಲ್ಲಿ ಕಾಣೋದೇ ನಿಲ್ಲುತ್ತೆ. ವರ್ಷಕ್ಕೊಂದೆರಡು ಸಲ ಬರೀ ಈ ಕೆಲಸಕ್ಕೇ ಡೆವಲಪರ್ ಬೇಕಾಗುತ್ತೆ ಅಂತ ಒಪ್ಪಂದದಲ್ಲೇ ಬರೆಸಿ.

ಬಿಡುಗಡೆಯಾಗಿ ಮೂರು ತಿಂಗಳಿಗೆ ಹಂತ 2ರ ನೋಟ್‌ಬುಕ್ ತೆಗೆದು ಅದೇ ಅಂಕಿಗಳನ್ನ ಮತ್ತೆ ಎಣಿಸಿ. ಮಿಸ್ ಆಗೋ ಕಾಲ್ ಇಳಿದಿದ್ಯಾ, ಬಾರದೇ ಇರೋರು ಕಮ್ಮಿ ಆದ್ರಾ. ಇಳಿದಿದ್ರೆ ಎರಡನೇ ವರ್ಷನ್ ಲಿಸ್ಟಿಂದ ಒಂದು ಫೀಚರ್ ಎತ್ತಿ. ಏನೂ ಬದಲಾಗಿಲ್ಲ ಅಂದ್ರೆ ಹೊಸ ಫೀಚರ್ ಸೇರಿಸ್ಬೇಡಿ, ಬಳಸದೇ ಇರೋರಿಗೆ ಫೋನ್ ಮಾಡಿ ಯಾಕೆ ಅಂತ ಕೇಳಿ, ಒಂದು ಸಲ ಸರಿ ಮಾಡಿ ನೋಡಿ, ಆಮೇಲೂ ಅಷ್ಟೇ ಅಂದ್ರೆ ಮುಚ್ಚೋಕೆ ಹಿಂಜರಿಕೆ ಬೇಡ.

ಮುಚ್ಚೋಕೂ ಕ್ರಮ ಇದೆ, ಅದನ್ನೂ ಈಗ್ಲೇ ಬರೆದಿಟ್ಕೊಳ್ಳಿ. ಮೊದಲು ಸ್ಟೋರಲ್ಲಿ ಹೊಸ ಡೌನ್‌ಲೋಡ್ ನಿಲ್ಲಿಸಿ. ಮುಂದಿನ ದಿನಾಂಕಕ್ಕೆ ಬುಕಿಂಗ್ ಇರೋರ, ಪಾಯಿಂಟೋ ಅಡ್ವಾನ್ಸೋ ಉಳಿದಿರೋರ ಲಿಸ್ಟ್ ತೆಗೆದು ಒಬ್ಬೊಬ್ಬರಿಗೂ ಮೆಸೇಜ್ ಕಳಿಸಿ, ದುಡ್ಡು ವಾಪಸ್ ಕೊಡೋದೋ ಕೌಂಟರಲ್ಲಿ ಹೊಂದಿಸೋದೋ ಅಂತ ತಿಳಿಸಿ. ಬೇಕಾದ ಡೇಟಾ ಎಕ್ಸೆಲ್ ಶೀಟಿಗೆ ಇಳಿಸ್ಕೊಂಡು ಉಳಿದಿದ್ದು ಅಳಿಸಿ, ಸರ್ವರ್ ಕೊನೆಗೆ ಆಫ್ ಮಾಡಿ. ಸರ್ವರ್ ಬಿಲ್ ಆಟೋ ಪೇಮೆಂಟಲ್ಲಿ ಇದ್ರೆ ಕಾರ್ಡಿಂದ ಅದನ್ನೂ ತೆಗೆಸಿ.